ಬೀದಿಗೆ ಹೊಟ್ಟೆ ಬಿಟ್ಟ ಕಿಟಕಿ

ಹೊನ್ನಾಳಿಯ ನಮ್ಮ ಹಳೆಯ ಮನೆಯನ್ನು ಕೆಡವಿ ಕಟ್ಟಿಸುವಾಗ ನಾನು ಹಟ ಹಿಡಿದದ್ದು ಒಂದೇ ವಿಷಯಕ್ಕೆ. ಮುಂದಿನ ಕೋಣೆಗೆ ಬೇ ವಿಂಡೋ ಬೇಕು. ಗೋಡೆಯಿಂದ ಬೀದಿಯ ಕಡೆ ಚಾಚಿಕೊಂಡು, ಮೂರು ಕಡೆ ಸರಳು ಹಾಕಿದ ಗಾಜಿನ ಕದ, ಒಳಗೆ ಕಾಲು ನೀಡಿ ಕೂರುವಷ್ಟು ಅಗಲದ ಕಲ್ಲುಹಾಸು. ನಮ್ಮದು ಎರಡೂ ಪಕ್ಕ ಗೋಡೆಗೆ ಗೋಡೆ ತಾಗಿದ ಮನೆ. ಹಗಲಲ್ಲೇ ದೀಪ ಹಾಕಿಕೊಂಡು ಅಕ್ಕಿ ಆರಿಸಿ ನನಗೆ ಸಾಕಾಗಿ ಹೋಗಿತ್ತು.

ಹಟ ಗೆದ್ದಿತು. ಆದರೆ ಕಿಟಕಿ ಬಂದದ್ದು ಅತ್ತೆಯ ಜಗಲಿ ಇದ್ದ ಜಾಗದಲ್ಲಿ. ಮಂಡಿ ನೋವಿನಿಂದ ಅವರು ಬೀದಿ ಸುತ್ತುವುದು ಎಂದೋ ನಿಂತಿತ್ತು. ಬೀದಿಯೇ ಜಗಲಿಗೆ ಬಂದು ಅವರನ್ನು ಮಾತಾಡಿಸುತ್ತಿತ್ತು. ಹೊಸ ಮನೆಗೆ ಒಬ್ಬರೂ ಬರಲಿಲ್ಲ. ನಮ್ಮ ಕಡೆ ಜಗಲಿಗೆ ಬಂದವರಿಗೆ ಎಲೆ ಅಡಿಕೆ ಸಾಕು. ಒಳಗೆ ಕಾಲಿಟ್ಟರೆ ಚಹಾ ಆಗಬೇಕು, ಕುಂಕುಮ ಇಡಬೇಕು, ಸೆರಗು ಸರಿಮಾಡಿಕೊಂಡು ಕೂರಬೇಕು. ಅಷ್ಟೆಲ್ಲ ಯಾರಿಗೆ ಬೇಕು?

ಅತ್ತೆ ಕಿಟಕಿಯನ್ನು ಮೇಲಿಂದ ಕೆಳಗೆ ನೋಡಿ, "ಏನೇ ಇದು, ಮನೆಗೆ ಹೊಟ್ಟೆ ಬಂದಂಗೈತೆ" ಎಂದರು.

"ಕುಂತು ನೋಡ್ರಿ ಅತ್ತೆ, ಗಾಳಿ ಹೆಂಗೆ ಬರ್ತೈತೆ!"

"ಕಿಟಕಿ ಮ್ಯಾಲೆ ಯಾರಾದ್ರೂ ಕುಂದರ್ತಾರೇನೇ? ಹೊಸ್ತಿಲ ಮ್ಯಾಲೆ ಕುಂತಂಗೆ. ದರಿದ್ರ."

ನಾನು ಚಹಾ ಕುಡಿಯುತ್ತ ಓದಲೆಂದು ಕಟ್ಟಿಸಿದ ಜಾಗದಲ್ಲಿ ಸಂಜೆಯೊಳಗೆ ಕಂಬಳಿಗಳೂ ಶ್ಯಾವಿಗೆ ಡಬ್ಬಿಯೂ ಕೂತಿದ್ದವು. ಸ್ವಲ್ಪ ದಿನಕ್ಕೆ ಅತ್ತೆ ಮಗನಿಗೆ ಹೇಳಿಯೇಬಿಟ್ಟರು: "ಸಂತೇಬೆನ್ನೂರಾಗೆ ಮಗಳ ಮನೆಗೆ ಜಗಲಿ ಐತೆ. ದೀಪಾವಳಿ ಮುಗೀಲಿ, ನಾನು ಅಲ್ಲೇ ಇರಾಕೆ ಹೋಗ್ತೀನಿ."

ಗಂಡ ನನ್ನ ಮುಖ ನೋಡಿದರು, ಆ ಕಿಟಕಿಯನ್ನು ನಾನೇ ಹೆತ್ತವಳೆಂಬಂತೆ. ನನಗೆ ಮೈಯೆಲ್ಲ ಉರಿಯಿತು. ಹೆದರಿಕೆಯೂ ಆಯಿತು. ಬೆಳಗಿನಿಂದ ಬೈಯುವವರಿಲ್ಲದ ಆ ಮನೆಯಲ್ಲಿ ಹೇಗಿರುವುದೋ ನನಗೆ ಗೊತ್ತಿರಲಿಲ್ಲ.

ಹಬ್ಬಕ್ಕೆ ಮುಂಚೆ ಒಂದು ಮಧ್ಯಾಹ್ನ ಎದುರು ಮನೆಯಾಕೆ ಹೊರಗೆ ನಿಂತು ಕಿಟಕಿಯ ಸರಳು ತಟ್ಟಿದಳು.

"ಅಕ್ಕಾ, ಎಲೆಗೆ ಒಂಚೂರು ಸುಣ್ಣ ಕೊಡ್ರಿ."

"ಒಳಗೆ ಬಾರೇ," ಎಂದರು ಅತ್ತೆ.

"ಒಳಗ್ಯಾಕೆ ಬಿಡ್ರಿ, ಇಲ್ಲೇ ಇರ್ತೀನಿ."

ಅತ್ತೆ ಕಂಬಳಿ ಸರಿಸಿ ಸರಳಿನ ಸಂದಿಯಿಂದ ಸುಣ್ಣದ ಡಬ್ಬಿ ಚಾಚಿದರು. ಮಾತಿಗೆ ಮಾತು ಬೆಳೆಯಿತು. ನಿಂತು ನಿಂತು ಮಂಡಿ ಹಿಡಿದಿರಬೇಕು, ಮೊದಲು ಕಲ್ಲುಹಾಸಿಗೆ ಒರಗಿದರು, ಆಮೇಲೆ ಕೂತೇಬಿಟ್ಟರು. ನಾನು ಅಡುಗೆಮನೆಯಿಂದ ನೋಡುತ್ತಲೇ ಇದ್ದೆ. ದರಿದ್ರದ ಮಾತು ನೆನಪಿಸಲು ನನಗೇನು ಹುಚ್ಚೇ? ಮರುದಿನ ಎದುರು ಮನೆಯಾಕೆಯ ಜೊತೆ ಇನ್ನಿಬ್ಬರು ಬಂದರು. ಕಂಬಳಿಗಳು ಅಟ್ಟ ಸೇರಿದವು.

ಆದರೂ ಆಡಿದ ಮಾತಿಗೆ ಅತ್ತೆ ತಪ್ಪುವವರಲ್ಲ. ಹಬ್ಬ ಮುಗಿದು ನಾದಿನಿ ಕರೆದೊಯ್ಯಲು ಬರುವಷ್ಟರಲ್ಲಿ ಅವರ ಬ್ಯಾಗು ತುಂಬಿತ್ತು. ಊಟವಾದ ಮೇಲೆ ನಾದಿನಿ ಅದನ್ನು ತಂದು ಕಿಟಕಿಯ ಹಾಸಿನ ಮೇಲಿಟ್ಟು, "ಏಳವ್ವ, ಬಸ್ಸಿಗೆ ಹೊತ್ತಾತು" ಎಂದಳು. ಹೊರಗೆ ಎದುರು ಮನೆಯಾಕೆ ಮೊರದ ತುಂಬ ಮೆಂತ್ಯ ಸೊಪ್ಪು ಹಿಡಿದು ಬೀದಿ ದಾಟುತ್ತಿದ್ದಳು.

"ಆ ಬ್ಯಾಗು ತೆಗಿಯೇ ಅಲ್ಲಿಂದ," ಅತ್ತೆ ಮಗಳನ್ನು ಗದರಿದರು. "ನಾನು ಎಲ್ಲಿ ಕುಂದ್ರಲಿ? ಜನ ಬರೋ ಹೊತ್ತಾತು."

ನಾದಿನಿ ಏನೋ ಹೇಳುವ ಮೊದಲೇ ನಾನು ಬ್ಯಾಗನ್ನು ಒಳಗೆ ಒಯ್ದು ಸೀರೆಗಳನ್ನು ಬೀರುವಿಗೆ ಸೇರಿಸಿದೆ. ನನ್ನ ಚಹಾ ಇಂದಿಗೂ ಅಡುಗೆಮನೆಯಲ್ಲಿ ನಿಂತುಕೊಂಡೇ ಆಗುತ್ತದೆ.