ಸುತ್ತಿಗೆ ಬಡಿದು ಭೂಮಿ ತೋರಿಸಿದವರು

“ಈ ರಂಗಪ್ಪನ ಮಗ ಡಿಗ್ರಿ ತಗೊಂಡ್ರೆ ನಾನೇ ಗೇಟಲ್ಲಿ ನಿಂತು ಸೆಲ್ಯೂಟ್ ಹೊಡೀತೀನಿ” ಎಂದವರು ಭದ್ರಾವತಿಯ ಆರ್ಮುಗಂ ಮೇಸ್ತ್ರಿ. ರಂಗಪ್ಪ ನಮ್ಮಪ್ಪ. ಕಬ್ಬಿಣದ ಪೈಪು ಎರಕ ಹೊಯ್ಯುವ ಫೌಂಡ್ರಿಯಲ್ಲಿ ಆ ಮೇಸ್ತ್ರಿಯ ಕೈಕೆಳಗೆ ಕೆಲಸ. ನಮ್ಮ ಮನೆತನದಲ್ಲಿ ನಾಲ್ಕನೇ ಕ್ಲಾಸು ದಾಟಿದವರೇ ಇರಲಿಲ್ಲ. ಹಾಗಾಗಿ ಆ ಮಾತಿಗೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ನಾನೊಬ್ಬ ಮಾಡಿಕೊಂಡೆ.

ಅದು 1961. ಶಿವಮೊಗ್ಗದಲ್ಲಿ ಬಿ.ಎಸ್ಸಿ. ಕೊನೇ ವರ್ಷದಲ್ಲಿದ್ದೆ, ಭೂವಿಜ್ಞಾನ. ಭದ್ರಾವತಿಯಿಂದ ಬೆಳಗಿನ ರೈಲಿಗೆ ಹೋಗಿ ಸಂಜೆ ರೈಲಿಗೆ ವಾಪಸ್. ಕ್ಲಾಸಿನಲ್ಲಿ ವಕೀಲರ ಮಕ್ಕಳು, ಅಮಲ್ದಾರರ ಮಕ್ಕಳು. “ನಿಮ್ಮ ಫಾದರ್ ಏನ್ಮಾಡ್ತಾರೆ?” ಎಂದು ಕೇಳಿದಾಗ “ಇನ್‌ಸ್ಪೆಕ್ಷನ್‌ನಲ್ಲಿದ್ದಾರೆ” ಎಂದಿದ್ದೆ. ಪೂರ್ತಿ ಸುಳ್ಳಲ್ಲ. ತಯಾರಾದ ಪೈಪನ್ನು ಸಣ್ಣ ಸುತ್ತಿಗೆಯಿಂದ ಬಡಿದು, ನಾದ ಕೇಳಿ, ಒಳಗೆ ಬಿರುಕಿದೆಯೋ ಟೊಳ್ಳಿದೆಯೋ ಹೇಳುವುದೇ ಅಪ್ಪನ ಕೆಲಸ. ಆದರೆ ನಾನು ಹೇಳಿದ ಧಾಟಿಗೆ ಅವರೆಲ್ಲ ಇಸ್ತ್ರಿ ಪ್ಯಾಂಟಿನ ಆಫೀಸರನ್ನು ಊಹಿಸಿಕೊಂಡರು. ನಾನು ತಿದ್ದಲಿಲ್ಲ.

ಒಂದು ದಿನ ನಮ್ಮ ಮೇಷ್ಟ್ರು ಭೂಕಂಪದ ಅಲೆಗಳ ಪಾಠ ಮಾಡುತ್ತಾ ಕೇಳಿದರು. “ಭೂಮಿಯ ನಡುವೆ ಕರಗಿದ ಲೋಹ ಇದೆ ಅಂತ ಬಾಯಿಪಾಠ ಹೇಳ್ತೀರಲ್ಲ, ಯಾರಪ್ಪ ಇಳಿದು ನೋಡಿ ಬಂದೋರು?” ಸೀಮೆಸುಣ್ಣ ಕೆಳಗಿಟ್ಟು ಅವರೇ ಮುಂದುವರಿಸಿದರು. “ಸರಿ, ಶನಿವಾರ ಭದ್ರಾವತಿಗೆ ಹೋಗೋಣ. ಅಲ್ಲೊಂದು ಫೌಂಡ್ರಿ ಇದೆ, ತೋರಿಸ್ತೀನಿ.”

ಅಪ್ಪ ಕೆಲಸ ಮಾಡುತ್ತಿದ್ದದ್ದು ಅದೇ ಫೌಂಡ್ರಿಯಲ್ಲಿ.

ಶನಿವಾರ ನಾವು ಹೋದಾಗ ಅಪ್ಪ ಖಾಕಿ ಚಡ್ಡಿಯಲ್ಲಿ, ಎದೆತನಕ ಮಸಿ ಬಳಿದುಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದರು. ನನ್ನನ್ನು ಕಂಡದ್ದೇ ಮುಖ ಅರಳಿತು, ಕೈ ಮೇಲೆ ಹೋಯಿತು. ಪಕ್ಕದಲ್ಲಿದ್ದ ಗೆಳೆಯ, “ಏನ್ ಮಾರಾಯ, ಅವರು ನಿಂಗೆ ಗೊತ್ತಾ?” ಎಂದ.

“ನಮ್ಮ ಲೈನಲ್ಲಿರೋರು” ಎಂದೆ. ಕಾರ್ಮಿಕರ ಕ್ವಾರ್ಟರ್ಸಿನ ಸಾಲಿಗೆ ನಾವು ಲೈನು ಎನ್ನುತ್ತಿದ್ದೆವು.

ಅಷ್ಟು ಹತ್ತಿರದಲ್ಲಿ ಅಪ್ಪನಿಗೆ ಕೇಳದಿರಲು ಸಾಧ್ಯವಿರಲಿಲ್ಲ. ಎತ್ತಿದ ಕೈಯಲ್ಲಿ ಹಣೆ ಒರೆಸಿಕೊಂಡರು. ಆರ್ಮುಗಂ ಮೇಸ್ತ್ರಿ ನನ್ನನ್ನೇ ನೋಡಿ, “ಏನ್ ತಂಬಿ...” ಎಂದು ಬಾಯಿ ತೆರೆದರು. ಅಷ್ಟರಲ್ಲಿ ಅಪ್ಪ, “ಮೇಸ್ತ್ರಿ, ಆ ಪೈಪು ಈಚೆಗೆ ಉರುಳಿಸ್ಲಾ?” ಎಂದು ಅವರ ಮಾತು ತಡೆದರು.

ಮೇಷ್ಟ್ರ ಕೋರಿಕೆಯಂತೆ ಅಪ್ಪ ಕೆಲಸ ತೋರಿಸಿದರು. ಮೊದಲು ಸುತ್ತಿಗೆಯನ್ನು ನನ್ನ ಕಡೆಗೇ ನೀಡಿ, “ನೀವೊಂದ್ಸಲ ಬಡೀರಿ ಸ್ವಾಮಿ” ಎಂದರು. ಹುಟ್ಟಿದಾಗಿನಿಂದ ಲೋ ಎಂದು ಕರೆದವರು. ನಾನು ಬಡಿದೆ. ಠಣ್ ಎಂದಿತು. “ಚೆನ್ನಾಗಿದೆ” ಎಂದೆ.

ಅಪ್ಪ ಪೈಪಿನ ಒಂದು ತುದಿಗೆ ಅಂಗೈ ಇಟ್ಟು, ಜಾಗ ಬದಲಿಸಿ ಬದಲಿಸಿ ಬಡಿದರು. “ಇಲ್ಲ ಸ್ವಾಮಿ. ಇಲ್ಲಿಂದ ಒಂದು ಮೊಳ ಆಚೆ ಟೊಳ್ಳಿದೆ. ಅದರಾಚೆ ಬಡಿದ್ರೆ ಏಟು ಕೈಗೆ ಸರಿಯಾಗಿ ಬರ್ತಿಲ್ಲ.” ಸುಣ್ಣದಕಡ್ಡಿಯಲ್ಲಿ ಗುರುತು ಹಾಕಿದರು. ಹೇಗೂ ಮತ್ತೆ ಕರಗಿಸುವ ಮಾಲು ಎಂದು ಮೇಸ್ತ್ರಿ ಅದನ್ನು ಒಡೆಸಿದರು. ಗುರುತಿನ ಜಾಗದಲ್ಲೇ ಅಡಿಕೆ ಹೋಳಿನಷ್ಟು ಗುಳ್ಳೆ, ಅದರಿಂದ ಹೊರಟ ಕೂದಲೆಳೆಯಂಥ ಬಿರುಕು.

“ನೋಡಿದ್ರಾ?” ಎಂದರು ಮೇಷ್ಟ್ರು. “ಭೂಕಂಪ ಅಂದ್ರೆ ಸುತ್ತಿಗೆ ಏಟು. ಅಲೆ ಭೂಮಿಯೊಳಗೆ ಹಾದು ಆಚೆ ಬದಿಗೆ ಬರುತ್ತೆ. ಹಿಂದೆ ಮುಂದೆ ತಳ್ಳುತ್ತಾ ಹೋಗೋ ಅಲೆ ದ್ರವದಲ್ಲೂ ದಾಟುತ್ತೆ. ಅಡ್ಡಡ್ಡ ಅಲುಗಾಡಿಸುತ್ತಾ ಹೋಗೋದು ದ್ರವದಲ್ಲಿ ದಾಟಲ್ಲ. ಆಚೆ ಕೂತು ಕಾದವರಿಗೆ ಆ ಎರಡನೇದು ಬರ್ಲೇ ಇಲ್ಲ. ಬರದೇ ಇದ್ದದ್ದರಿಂದಲೇ ನಡುವೆ ಕರಗಿದ್ದು ಏನೋ ಇದೆ ಅಂತ ತಿಳೀತು. ಇವತ್ತು ಇವರೇ ನಿಮ್ಮ ಮೇಷ್ಟ್ರು.”

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಬೇರೆ ಯಾರದೋ ಅಪ್ಪನಿಗೆ ತಟ್ಟುವ ಹಾಗೆ.

ಮನೆಯಲ್ಲಿ ಅಪ್ಪ ಅದರ ಸುದ್ದಿ ಎತ್ತಲಿಲ್ಲ. “ಉಂಡ್ಯೇನೋ?” ಎಂದರು, ಅಷ್ಟೆ. ಬೈದಿದ್ದರೆ ಹಗುರಾಗುತ್ತಿತ್ತು.

ಪರೀಕ್ಷೆಯ ಮೌಖಿಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಭೂಮಿಯ ನಡುವೆ ಕರಗಿದ್ದು ಇದೆ ಅಂತ ಹೇಗೆ ಗೊತ್ತು ಎಂಬ ಅದೇ ಪ್ರಶ್ನೆ ಕೇಳಿದರು. ಪೈಪು, ಸುತ್ತಿಗೆ, ಅಂಗೈ, ಎಲ್ಲ ಹೇಳಿ ಉತ್ತರ ಕೊಟ್ಟೆ. ಅವರು ಖುಷಿಯಾಗಿ, “ಇದು ಪುಸ್ತಕದಲ್ಲಿಲ್ಲ. ಯಾರು ಹೇಳಿಕೊಟ್ರು?” ಎಂದರು. ತಪ್ಪು ತಿದ್ದಿಕೊಳ್ಳಲು ಬಾಗಿಲು ತೆರೆದುಕೊಟ್ಟ ಹಾಗಿತ್ತು. “ಫೌಂಡ್ರಿಯಲ್ಲಿ ಒಬ್ಬರು, ಸರ್” ಎಂದೆ. ಆ ಶನಿವಾರ ಹೇಳಿದ್ದು ಗಾಬರಿಯಲ್ಲಿ ಬಂದ ಮಾತು ಎನ್ನಬಹುದು. ಇದನ್ನು ಮಾತ್ರ ಯೋಚಿಸಿಯೇ ಹೇಳಿದ್ದೆ.

ಪಾಸಾದೆ. ಡಿಗ್ರಿ ಕಾಗದ ಕೈಗೆ ಬಂದ ದಿನ ಸೀದಾ ಫೌಂಡ್ರಿ ಗೇಟಿಗೆ ಹೋದೆ. ಮೇಸ್ತ್ರಿ ಮಾತಿಗೆ ತಪ್ಪದೆ ಸೆಲ್ಯೂಟ್ ಹೊಡೆದರು, ಆದರೆ ನನ್ನ ಪಕ್ಕಕ್ಕೆ ಬಂದು ನಿಂತಿದ್ದ ಅಪ್ಪನ ಕಡೆ ತಿರುಗಿ. ಇಷ್ಟು ವರ್ಷವಾದರೂ ಕಬ್ಬಿಣಕ್ಕೆ ಸುತ್ತಿಗೆ ಬಿದ್ದ ಸದ್ದು ಕೇಳಿದರೆ ನನ್ನ ತಲೆ ತಗ್ಗುತ್ತದೆ.

ಅವತ್ತು ಗೇಟಿನಲ್ಲೇ ಕಾಗದವನ್ನು ಅಪ್ಪನ ಕೈಗೆ ಕೊಟ್ಟೆ. ಮಸಿ ತಾಗದಂತೆ ಅಂಚಿನಲ್ಲಿ ಹಿಡಿದುಕೊಂಡರು. ಇಂಗ್ಲಿಷು ಬಾರದು. “ನಿನ್ನ ಹೆಸರು ಎಲ್ಲೋ?” ಎಂದರು. ತೋರಿಸಿದೆ. ಅದಕ್ಕೂ ಮೊದಲಿದ್ದ ಒಂಟಿ ಅಕ್ಷರದ ಮೇಲೆ ಬೆರಳಿಟ್ಟು, “ಇದು?” ಎಂದರು.

“ಅದು ನೀನು ಅಪ್ಪ. ನಿನ್ನ ಹೆಸರಿನ ಅಕ್ಷರ.”

ಅಪ್ಪ ಬೆರಳು ತೆಗೆದು ಕಾಗದ ವಾಪಸ್ ಕೊಟ್ಟರು. ದನಿಯಲ್ಲಿ ಕೋಪವಿರಲಿಲ್ಲ, ತಮಾಷೆಯೂ ಇರಲಿಲ್ಲ.

“ಓ, ಲೈನಲ್ಲಿರೋರ ಹೆಸರೂ ಹಾಕ್ತಾರಾ.”