ಚಿಲ್ಲರೆ ಪಾನ್ಯಾಂಗ್

ಇಲೋಯಿಲೋ ಪಟ್ಟಣದ ಲಾ ಪಾಸ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಪಾನ್ಯಾಂಗಳ ಅಂಗಡಿ ಎಂದರೆ ಜಾಲರಿ ಹೊಡೆದ ಒಂದು ಕಿಟಕಿ, ಅದರಲ್ಲಿ ಕೈ ತೂರುವಷ್ಟು ಕಿಂಡಿ. ಇಡೀ ಓಣಿಯ ಸಂಸಾರ ಆ ಕಿಂಡಿಯಿಂದಲೇ ಸಾಗುತ್ತದೆ. ಒಂದೇ ಸಿಗರೇಟು, ಒಂದೇ ಮೊಟ್ಟೆ, ಒಂದು ತಲೆಗೆ ಸಾಕಾಗುವ ಶಾಂಪೂ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿದ ಎರಡು ಚಮಚ ವಿನೆಗರ್. ಹೀಗೆ ಬಿಡಿಬಿಡಿಯಾಗಿ ಮಾರಿಯೇ ಅವಳು ಇಬ್ಬರು ಹೆಣ್ಣುಮಕ್ಕಳನ್ನು ನರ್ಸಿಂಗ್ ಓದಿಸಿದಳು. ಗಂಡ ಗೋರಿಯೋ ಹಡಗಿನ ಇಂಜಿನ್ ಕೋಣೆಯಲ್ಲಿ ದುಡಿಯುವವನು. ಒಮ್ಮೆ ರಜೆಗೆ ಬಂದಾಗ ಹೆಂಡತಿಗೆ ಪೋಕರ್ ಇಸ್ಪೀಟಾಟ ಕಲಿಸಿ ಹೋದ. ಅವಳಿಂದ ಅನ್ನ ಮಾಡುವುದನ್ನಾದರೂ ಕಲಿತು ಹೋಗಿದ್ದರೆ, ಅವನ ಅಡುಗೆ ಸರದಿಯ ದಿನ ಹಡಗಿನವರು ಬದುಕಿಕೊಳ್ಳುತ್ತಿದ್ದರು.

ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಪಾನ್ಯಾಂಗ್ ಫೋನು ತೆರೆಯುತ್ತಾಳೆ. ಓಣಿಯ ಕೊನೆಯಲ್ಲಿ ಪಂಚರ್ ಅಂಗಡಿ ಇಟ್ಟಿರುವ ದಾದೋ ಫೋನಿನಲ್ಲೇ ಒಂದು ಪೋಕರ್ ಕ್ಲಬ್ ನಡೆಸುತ್ತಾನೆ. ಆಡುವವರೆಲ್ಲ ಅಕ್ಕಪಕ್ಕದವರೇ. ಎರಡು ಸಾವಿರ ಪೆಸೊ ಇಟ್ಟು ಗತ್ತಿನಿಂದ ಕೂರುವುದು ಗಂಡಸರ ರೂಢಿ. ಪಾನ್ಯಾಂಗ್ ಇಡುವುದು ಕನಿಷ್ಠ ಮೊತ್ತ, ನಾನೂರು. ಎಲೆ ಚೆನ್ನಾಗಿಲ್ಲವೆಂದರೆ ಬಿಸಾಡಿ ಸುಮ್ಮನೆ ಕಾಯುತ್ತಾಳೆ. ಚೆನ್ನಾಗಿದ್ದರೆ ಇದ್ದಷ್ಟನ್ನೂ ಒಮ್ಮೆಲೇ ಮುಂದೆ ತಳ್ಳುತ್ತಾಳೆ. ದುಡ್ಡು ದುಪ್ಪಟ್ಟಾಯಿತೋ, ಎದ್ದು ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನಾನೂರಕ್ಕೇ ಬಂದು ಕೂರುತ್ತಾಳೆ.

ಕಳೆದದ್ದನ್ನು ಮರಳಿ ಗೆಲ್ಲಲು ಅವಳು ಸಿಗದೆ ಗಂಡಸರಿಗೆ ಮೈಯೆಲ್ಲ ಉರಿ. "ಇಲಿ ಬಂತು ನೋಡ್ರೋ!" "ಗೆದ್ದ ತಕ್ಷಣ ಬಾಲ ಮುದುರ್ಕೊಂಡು ಓಡ್ತೀಯಲ್ಲ ಮನಾಂಗ್!" ಎಂದು ಪರದೆಯ ಮೇಲೆ ಬರೆಯುತ್ತಿದ್ದರು. ಬಯ್ಯುವಾಗಲೂ ಮನಾಂಗ್ ಎಂದು, ಅಕ್ಕನ ಮರ್ಯಾದೆ ಕೊಟ್ಟೇ ಬಯ್ಯುತ್ತಿದ್ದರು.

ಒಂದು ಸೋಮವಾರ ದಾದೋ ನಿಯಮವನ್ನೇ ಬದಲಿಸಿದ. ಇನ್ನು ಮೇಲೆ ಎರಡು ಸಾವಿರಕ್ಕಿಂತ ಕಡಿಮೆ ಇಟ್ಟವರಿಗೆ ಜಾಗವಿಲ್ಲ. ಪಾನ್ಯಾಂಗಳನ್ನು ಹೊರಹಾಕಲೆಂದೇ ಮಾಡಿದ್ದು ಅದು. ಅವಳ ಹತ್ತಿರ ಎರಡು ಸಾವಿರ ಇರಲಿಲ್ಲವೆಂದಲ್ಲ. ತಾನು ಎಷ್ಟು ಇಡಬೇಕೆಂದು ಇನ್ನೊಬ್ಬ ಹೇಳಬಾರದು ಎಂಬ ಹಟ. ನನ್ನನ್ನು ಕೇಳಿದರೆ, ಆ ಹಟ ನೂರಕ್ಕೆ ನೂರು ಸರಿ.

ಸಂಜೆ ದಾದೋ ಎಂದಿನಂತೆ ಕಿಂಡಿಗೆ ಕೈ ಹಾಕಿದ. "ಒಂದು ಸಿಗರೇಟು ಕೊಡು ಮನಾಂಗ್."

"ಬಿಡಿ ಇಲ್ಲ. ಪ್ಯಾಕು ತಗೋ."

"ಒಂದೇ ಸಾಕು ಮಾರಾಯ್ತಿ."

"ಒಂದಕ್ಕೆ ಬರೋರನ್ನ ಇಲಿ ಅಂತಾರಂತಪ್ಪ."

ಅವನು ನಕ್ಕ. ಅವಳು ನಗಲಿಲ್ಲ. "ನಿನ್ನ ಕ್ಲಬ್ಬಲ್ಲಿ ಕೂರೋರಿಗೆಲ್ಲ ಇದೇ ನಿಯಮ. ಮೊಟ್ಟೆ ಬೇಕಾ, ಟ್ರೇ ತಗೊಳ್ಳಿ. ಶಾಂಪೂ ಬೇಕಾ, ಬಾಟ್ಲಿ."

ಉಳಿದವರಿಗೆ ಎಂದಿನಂತೆ ಬಿಡಿ ಸಾಮಾನು. ದಾದೋ ಸೆಟೆದುಕೊಂಡು ಪ್ಯಾಕನ್ನೇ ಕೊಂಡ. ಮರುದಿನ ಮೊಟ್ಟೆಯ ಟ್ರೇ ಹೊತ್ತುಕೊಂಡು ಹೋದ. "ಇವನ ಪೌರುಷಕ್ಕೆ ನಾನು ಮೂರು ಹೊತ್ತೂ ಮೊಟ್ಟೆ ಬೇಯಿಸ್ಬೇಕಾ?" ಎಂದು ಅವನ ಹೆಂಡತಿ ಬೀದಿಗೆ ಕೇಳುವಂತೆ ಕೂಗಿದಳು. ಕ್ಲಬ್ಬಿನ ಕೆಲವರು ದೊಡ್ಡ ರಸ್ತೆ ದಾಟಿ ಬೇರೆ ಅಂಗಡಿಗೆ ಹೋದರು. ಒಂದೇ ಒಂದು ಸಿಗರೇಟು ಹಿಡಿದು ವಾಪಸು ಬರುವಾಗ ಓಣಿಯ ಹೆಂಗಸರು, "ಎಲ್ಲಿಗೆ ಹೋಗಿತ್ತು ಸಾಹುಕಾರರ ಸವಾರಿ?" ಎಂದು ಕೇಳದೆ ಬಿಡಲಿಲ್ಲ.

ಶುಕ್ರವಾರ ದಾದೋ ದನಿ ತಗ್ಗಿಸಿಕೊಂಡು ಬಂದ. "ಮನಾಂಗ್, ನಿನಗೊಬ್ಬಳಿಗೆ ನಾನೂರಕ್ಕೇ ಬಿಡ್ತೀನಿ. ಯಾರಿಗೂ ಹೇಳ್ಬೇಡ."

ಪಾನ್ಯಾಂಗಳಿಗೆ ಆಸೆಯಾಯಿತು. ಆಟವಿಲ್ಲದ ಆ ಮಧ್ಯಾಹ್ನಗಳು ಅವಳನ್ನು ಹಿಂಡಿಹಾಕಿದ್ದವು. ಗಂಡ ಹಡಗಿನಲ್ಲಿ, ಮಕ್ಕಳು ದೂರದ ಕೆಲಸದಲ್ಲಿ, ಮನೆಯಲ್ಲಿ ಅವಳೊಬ್ಬಳೇ. ಆದರೂ ಹೇಳಿದಳು, "ನಂಗೊಬ್ಬಳಿಗೆ ದಾನ ಬೇಡ ಕಣೋ. ಯಾರು ಬೇಕಾದ್ರೂ ನಾನೂರಕ್ಕೆ ಕೂರ್ಬಹುದು ಅಂತ ಎಲ್ಲರಿಗೂ ಕಾಣೋ ಹಾಗೆ ಬರಿ."

ಬರೆದ. ಶನಿವಾರ ಮಧ್ಯಾಹ್ನ ಅವಳು ನಾನೂರು ಇಟ್ಟು ಕೂತಳು. ಮೊದಲ ಆಟಕ್ಕೇ ಎಕ್ಕ, ರಾಜ ಕೈಗೆ ಬಂದವು. ಇದ್ದಷ್ಟನ್ನೂ ತಳ್ಳಿದಳು. ಏಳರ ಜೋಡಿ ಹಿಡಿದಿದ್ದ ದಾದೋ ಅಷ್ಟೇ ದುಡ್ಡು ಇಟ್ಟು ಎದುರು ನಿಂತ. ಮೇಜಿಗೆ ಬಿದ್ದ ಎಲೆಗಳಲ್ಲಿ ಒಂದೂ ಅವಳಿಗೆ ಕೂಡಿಬರಲಿಲ್ಲ. ನಾನೂರೂ ಹೋಯಿತು.

ಪರದೆಯ ತುಂಬ ನಗು. "ಇಷ್ಟಕ್ಕೇನಾ ಮನಾಂಗ್, ವಾರವೆಲ್ಲ ಕುಣಿದಿದ್ದು?"

ಪಾನ್ಯಾಂಗ್ ಮತ್ತೆ ನಾನೂರು ಇಟ್ಟಳು. ಆಮೇಲೆ ನಿಧಾನವಾಗಿ ಒಂದೊಂದೇ ಅಕ್ಷರ ಒತ್ತಿದಳು.

"ಹೌದು ಕಣ್ರೋ, ಇಷ್ಟಕ್ಕೇ."