ಅಗರಖೇಡದಿಂದ ತಂದ ರಕ್ತ

ಬೆಳಿಗ್ಗೆ ಆರರ ಬಸ್ಸಿಗೆ ವಿಜಯಪುರ ಬಿಟ್ಟೆ. ಆಧಾರ್ ಕಾರ್ಡ್ ತೋರಿಸಿ ಶೂನ್ಯ ದರದ ಟಿಕೆಟ್ ಪಡೆದು, ರಕ್ತ ತರುವ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೆ. ಝಳಕಿಯಲ್ಲಿ ಚಹಾ ಕುಡಿಯುವಷ್ಟು ಹೊತ್ತು ನಿಂತೆವು. ಇಂಡಿಯಲ್ಲಿ ಬಸ್ ಬದಲಿಸಿ ಅಗರಖೇಡ ತಲುಪಿದಾಗ ಬಿಸಿಲು ಆಗಲೇ ಚುರುಕಾಗಿತ್ತು.

ನಾನು ಹೋದದ್ದು ಶಾಂತಕ್ಕನ ಮನೆಗೆ. ಸ್ತನ ಕ್ಯಾನ್ಸರಿಗೆ ಅವರು ಪಡೆದ ವಿಕಿರಣ ಚಿಕಿತ್ಸೆ, ಊರವರ ಮಾತಿನಲ್ಲಿ ಕರೆಂಟ್, ಮುಗಿದು ಮೂರು ತಿಂಗಳಾಗಿತ್ತು. ಕ್ಯಾನ್ಸರ್ ಕೋಶಗಳನ್ನು ಗುರುತಿಸಿ ಕೊಲ್ಲುವ ಕೋಶಗಳು ನಮ್ಮ ರಕ್ತದಲ್ಲಿವೆ. ನ್ಯಾಚುರಲ್ ಕಿಲ್ಲರ್ ಎಂದೇ ಅವುಗಳ ಹೆಸರು. ಚಿಕಿತ್ಸೆಯ ಮೊದಲು ಮತ್ತು ಮುಗಿದ ದಿನ ಶಾಂತಕ್ಕನ ರಕ್ತದಲ್ಲಿ ಅವುಗಳ ಕೊಲ್ಲುವ ಶಕ್ತಿಯನ್ನು ನಾನೇ ಅಳೆದಿದ್ದೆ. ಎರಡನೆಯ ಸಲ ಅದು ಕುಗ್ಗಿತ್ತು. ಅದು ಮರಳುತ್ತದೆಯೇ ಎಂಬುದು ನನ್ನ ಸಂಶೋಧನೆಯ ಪ್ರಶ್ನೆ. ಅವರದೂ ಅದೇ.

ಅವರ ತೋಳಿನಲ್ಲಿ ನರ ಸುಲಭಕ್ಕೆ ಸಿಗುವುದಿಲ್ಲ. ಹೇಗೋ ಒಂದು ನಳಿಕೆ ತುಂಬಿಸಿ ಡಬ್ಬಿಯಲ್ಲಿಟ್ಟೆ. ಅವರ ಅತ್ತೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬಡಿಸಿದರು. ಉಂಡೆದ್ದು ನೋಡಿದರೆ ಡಬ್ಬಿ ಖಾಲಿ.

"ಫ್ರಿಜ್‌ನ್ಯಾಗ ಇಟ್ಟೇನವಾ," ಎಂದರು ಅತ್ತೆ. "ಇಂಥಾ ಬಿಸಲಾಗ ಹಾಲ ಉಳಿಯಂಗಿಲ್ಲ, ರಕ್ತ ಉಳಿತೈತೇನ?"

ತಣ್ಣಗಾದ ನಳಿಕೆ ಹಿಡಿದು ನಿಂತೆ. ಈ ಕೋಶಗಳಿಗೆ ಫ್ರಿಜ್ಜಿನ ಚಳಿ ಆಗದು. ನಾಳೆ ಪರೀಕ್ಷೆಯಲ್ಲಿ ಅವು ಸೋತರೆ ಸೋತದ್ದು ಕರೆಂಟಿನಿಂದಲೋ ಚಳಿಯಿಂದಲೋ ತಿಳಿಯದು. ಅದನ್ನು ಹೇಳಿದೆ. ಇನ್ನೊಮ್ಮೆ ಚುಚ್ಚಲೇ ಎಂದು ಕೇಳಲು ಬಾಯಿ ಬರಲಿಲ್ಲ.

ಶಾಂತಕ್ಕ ನಕ್ಕುಬಿಟ್ಟರು. "ಏನ್ರೀ ಅತ್ತಿ, ಕರೆಂಟ್ ಕೊಟ್ಟಿದ್ದು ಸಾಲಲಿಲ್ಲಂತ ಥಂಡಿನೂ ಕೊಟ್ರೇನು?" ಎಂದು ನನ್ನತ್ತ ತೋಳು ಚಾಚಿದರು. "ತಗೋ ತಂಗಿ. ಆದ್ರ ಏನ್ ಬಂತಂತ ನನಗ ಹೇಳಬೇಕು."

"ಜಡ್ಡ ಹೋತೋ ಇಲ್ಲೋ ಅಂತ ಇದರಾಗ ತಿಳಿಯಂಗಿಲ್ರಿ ಅಕ್ಕಾರ."

"ಅದನ್ನ ಡಾಕ್ಟರ್ ನೋಡ್ತಾರ. ನನ್ನವು ದುಡ್ಯಾಕತ್ತಾವೋ ಇಲ್ಲೋ, ಅಷ್ಟ ಹೇಳು."

ಎರಡು ಸಲ ಸೂಜಿ ತಪ್ಪಿತು. ಅವರು ಗೋಡೆ ನೋಡುತ್ತ ಕುಳಿತಿದ್ದರು. ಅತ್ತೆ ಸೊಸೆಯ ಇನ್ನೊಂದು ಕೈ ಹಿಡಿದುಕೊಂಡರು. ಮೂರನೆಯ ಸಲ ರಕ್ತ ಬಂತು.

ಮರಳುವಾಗ ಬಿಸಿಲು ಬೀಳದ ಬದಿಗೆ ಕುಳಿತೆ. ಮಧ್ಯಾಹ್ನ ವಿಜಯಪುರ ತಲುಪಿ, ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳೊಡನೆ ಅವರ ಕೋಶಗಳನ್ನು ಬೆರೆಸಿಟ್ಟೆ. ಮರುದಿನ ಬೆಳಿಗ್ಗೆ ಸತ್ತ ಕ್ಯಾನ್ಸರ್ ಕೋಶಗಳನ್ನು ಎಣಿಸಿ, ಮತ್ತೊಮ್ಮೆ ಎಣಿಸಿ, ಫೋನ್ ಮಾಡಿದೆ.

"ಹೊಡದಾವೇನ?" ಎಂದರು ಶಾಂತಕ್ಕ.

"ಹೊಡದಾವ್ರಿ. ಕರೆಂಟ್ ಮುಗದಾಗಿನಕಿಂತ ಜಾಸ್ತಿ. ಆದ್ರ ಮೊದಲಿನಷ್ಟ ಇಲ್ಲ."

"ಹಂಗಾರ ಏಳಾಕತ್ತಾವ ಅನ್ನು."

"ಹೌದ್ರಿ," ಎಂದೆ.